ಸ್ವದೇಶೀ ಮೋಟಾರಿನ ಸಾಹಸಿ ಶೇಠ್ ವಾಲಚಂದ ಹಿರಾಚಂದರು

ಸೊಲ್ಲಾಪುರದಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯು ಬಸವಕಲ್ಯಾಣದ ಸಮೀಪ ಹಾದು ಹುಮನಾಬಾದಿಗೆ ಬರುತ್ತದೆ. ಈ ದಾರಿಯಲ್ಲಿ ಮೋಟಾರು ವ್ಯಾಪಾರ ಮಾಡಿ ಮನೆತನ ಬೆಳೆಸಿದವರುಂಟು. ಆದರೆ ಆ ಮೋಟಾರು ನಮ್ಮ ದೇಶದಲ್ಲಿಯೇ ತಯಾರಾಗಬೇಕೆಂದು ಹಟತೊಟ್ಟ ಮಹನೀಯರು ಇದೇ ದಾರಿಯ ಆಚೆಯ ತುದಿಯಾದ ಸೊಲ್ಲಾಪುರದ ಶ್ರಾವಕರೆಂಬುದನ್ನು ನಮ್ಮ ತರುಣರಲ್ಲಿ ಅನೇಕರು ಅರಿಯರು.

ವಾಲಚಂದರು 1882ರ ನವೆಂಬರ್ 23ರಂದು ಜನಿಸಿದರು. ಗುಜರಾತಿನಿಂದ ಬಂದು ನೆಲೆಸಿದ ದಿಗಂಬರ ಜೈನ ಮನೆತನ. ಅರಳೆ ಮತ್ತು ಲೇವಾದೇವಿ ಕುಲವೃತ್ತಿ. ತಂದೆ ಹಿರಾಚಂದ ನೇಮಚಂದ ದೋಶಿಯವರು ‘ಜೈನ ಬೋಧಕ’ ಪತ್ರಿಕೆಯ ಮೂಲಕ ಸಮಾಜ ಸುಧಾರಣೆಗೆ ದುಡಿದವರು. ಮಗನು ಕಾಲೇಜು ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು, ಕುಲವೃತ್ತಿಯಲ್ಲಿಯೂ ಮನಸ್ಸು ನಿಲ್ಲದೆ, ಬಾರ್ಸಿ ರೈಲುದಾರಿಯ ಗುತ್ತಿಗೆ ಹಿಡಿದರು. ಮುಂದೆ ಭೋರ್ ಘಾಟಿನ ಸುರಂಗಗಳಂಥ ದೊಡ್ಡ ಕಾಮಗಾರಿಗಳು ಅವರ ಕೈಸೇರಿದವು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಬ್ರಿಟಿಷ್ ಕಂಪನಿಗಳು ದರ ಇಳಿಸಿ ಹೂಡಿದ ಪೈಪೋಟಿಯಲ್ಲಿ ನಷ್ಟವಾದರೂ ಕಂಪನಿ ಉಳಿಯಿತು. ಆ ದಿನವನ್ನು ಇಂದು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ.

ಇನ್ನು ಮೋಟಾರಿನ ವಿಷಯ. 1930ರ ದಶಕದಲ್ಲಿ ನಮ್ಮಲ್ಲಿ ಓಡುತ್ತಿದ್ದ ಕಾರುಗಳೆಲ್ಲ ಹಡಗಿನಲ್ಲಿ ಬಂದವು, ಇಲ್ಲವೇ ವಿದೇಶೀ ಕಂಪನಿಗಳು ಹೊರಗಿನ ಭಾಗಗಳನ್ನು ತಂದು ಇಲ್ಲಿ ಜೋಡಿಸಿದವು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ವಿದೇಶದ ಕಾರ್ಖಾನೆಗಳನ್ನು ನೋಡಿಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ವಾಲಚಂದರು ಅದಕ್ಕೆ ಹೆಗಲುಕೊಟ್ಟರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ಒಲವು ತೋರಿತು, ಆದರೆ 1939ರಲ್ಲಿ ಅದೇ ರಾಜೀನಾಮೆ ಕೊಟ್ಟಿತು. ಮೈಸೂರು ಸಂಸ್ಥಾನವು ಮುಂದೆ ಬಂದಿತಾದರೂ ಭಾರತದ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧಕ್ಕೆ ಲಾರಿಗಳ ಅಗತ್ಯ ಅಷ್ಟಿದ್ದಾಗಲೂ ಒಪ್ಪಲಿಲ್ಲವೆಂಬುದು ಸೋಜಿಗವೇ ಸರಿ.

ಇದೇ ಮೋಟಾರಿನ ಕಾರಣಕ್ಕೆ 1939ರಲ್ಲಿ ಅಮೆರಿಕಕ್ಕೆ ಹೋಗಿದ್ದ ಅವರಿಗೆ ವಿಮಾನಯಾನದಲ್ಲಿ ವಿಲಿಯಂ ಪಾಲಿ ಎಂಬ ವಿಮಾನೋದ್ಯಮಿಯ ಪರಿಚಯವಾಯಿತು. ಕಾರಿಗಾಗಿ ಹೋದವರು ವಿಮಾನವನ್ನು ಹೊತ್ತು ಬಂದರೆನ್ನಬೇಕು! ದಿವಾನ್ ಮಿರ್ಜಾ ಇಸ್ಮಾಯಿಲರು ಬೆಂಗಳೂರಿನಲ್ಲಿ ಭೂಮಿ ಕೊಡಿಸಿದರು. 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿತವಾಯಿತು. ಮೈಸೂರು ಸರ್ಕಾರದ್ದು 25 ಲಕ್ಷ ರೂಪಾಯಿ, ವಾಲಚಂದರದ್ದು 25 ಲಕ್ಷ. ಆದರೆ 1942ರಲ್ಲಿ ಭಾರತ ಸರ್ಕಾರ ಅವರ ಪಾಲನ್ನು ಕೊಂಡು ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ತಾವು ನಿರ್ಮಿಸಿದ್ದನ್ನು ಎರಡು ವರ್ಷ ತುಂಬುವ ಮೊದಲೇ ಬಿಟ್ಟುಕೊಡುವುದು ಎಂಥವರಿಗೂ ಕಹಿಯಾದ ಮಾತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈತೊಳೆದುಕೊಳ್ಳುತ್ತಿದ್ದರು.

ಇವರು ಮತ್ತೆ ಮೋಟಾರಿಗೇ ಮರಳಿದರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಆರಂಭವಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಕಾರದೊಡನೆ ಮುಂಬಯಿಯ ಕುರ್ಲಾದ ಕಾರ್ಖಾನೆಯಿಂದ 1947ರಲ್ಲಿ ಮೊದಲ ವಾಹನ ಹೊರಬಿದ್ದಿತು. ಡಾಡ್ಜ್, ಪ್ಲಿಮತ್, ಡಿಸೊಟೊ ಎಂಬ ಹೆಸರುಗಳು ಹಿರಿಯರಿಗೆ ನೆನಪಿರಬಹುದು. ಮೊದಮೊದಲು ಅವೂ ಜೋಡಣೆಯ ಗಾಡಿಗಳೇ. ಭಾಗಗಳನ್ನು ಇಲ್ಲಿಯೇ ಎರಕಹೊಯ್ಯುವ ಕೆಲಸ ಮೆಲ್ಲಮೆಲ್ಲನೆ ಬೆಳೆಯಿತು. ಮರುವರ್ಷ, 1948ರ ಮಾರ್ಚ್ 14ರಂದು, ವಿಶಾಖಪಟ್ಟಣದಲ್ಲಿ ಅವರೇ ಕಟ್ಟಿಸಿದ ಹಡಗುಕಟ್ಟೆಯಿಂದ ‘ಜಲಉಷಾ’ ನೀರಿಗಿಳಿಯಿತು.

1949ರಲ್ಲಿ ಪಾರ್ಶ್ವವಾಯು ಬಡಿಯಿತು. ಪತ್ನಿ ಕಸ್ತೂರಬಾಯಿಯವರ ಶುಶ್ರೂಷೆಯಲ್ಲಿ ಕೊನೆಯ ದಿನಗಳನ್ನು ಕಳೆದು 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ದೇಹಬಿಟ್ಟರು. ಮರುವರ್ಷ ಅವರ ಕಾರ್ಖಾನೆಯಿಂದ ಫಿಯಟ್ 1100 ಕಾರು ಹೊರಬಂದಿತು. 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ತಳೆದ ಕಾರು ಅದರದೇ ಸಂತತಿ. ಅದರ ತಯಾರಿಕೆ ನಿಂತು ಈಗ ಎರಡು ದಶಕಗಳ ಮೇಲಾಯಿತು.