ಗೋಪಿನಾಥಂ ಊರಿನ ಫಾರೆಸ್ಟ್ ಸಾಹೇಬರು

ವೀರಪ್ಪನ್ ಹೆಸರು ನಮ್ಮ ಬಿಂಡಿಗನವಿಲೆಯ ಚಿಕ್ಕ ಮಕ್ಕಳಿಗೂ ಗೊತ್ತು. ಅವನಿಂದ ಪ್ರಾಣ ಕಳೆದುಕೊಂಡ ಶ್ರೀನಿವಾಸ್ ಅಂದರೆ ಮಾತ್ರ ಯಾರು ಅಂತ ಕೇಳ್ತಾರೆ. ಇದು ನ್ಯಾಯವಲ್ಲ.

ಪಿ. ಶ್ರೀನಿವಾಸ್ ಹುಟ್ಟಿದ್ದು 1954ರಲ್ಲಿ, ಆಂಧ್ರದ ರಾಜಮಂಡ್ರಿಯಲ್ಲಿ. ಭಾರತೀಯ ಅರಣ್ಯ ಸೇವೆಗೆ ಸೇರಿ ನಮ್ಮ ರಾಜ್ಯಕ್ಕೆ ಬಂದರು. ಅವರು ಪೊಲೀಸಿನವರಲ್ಲ. ಆದರೆ ಕಾಡಿನೊಳಗೆ ಕಾನೂನು ಕಾಯುವವರು ಫಾರೆಸ್ಟಿನವರೇ ತಾನೆ! 1986ರಲ್ಲಿ ವೀರಪ್ಪನ್ ಸಿಕ್ಕಿಬಿದ್ದಿದ್ದ, ಆದರೆ ಕಾವಲಿನಿಂದ ತಪ್ಪಿಸಿಕೊಂಡ. ಆನೆದಂತ, ಗಂಧದ ಕಳ್ಳತನ ಮತ್ತೆ ಶುರುವಾಯಿತು. ಅವನನ್ನು ಹಿಡಿಯಲು 1990ರಲ್ಲಿ ಸರ್ಕಾರ ವಿಶೇಷ ಕಾರ್ಯಪಡೆ ಮಾಡಿತು. ಶ್ರೀನಿವಾಸ್ ಅದರ ಜೊತೆ ಸೇರಿದರು.

ವೀರಪ್ಪನ್ ಊರು ಗೋಪಿನಾಥಂ. ಆಗ ಅದು ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು. ಅಲ್ಲಿನ ಬಡವರಿಗೆ ಗಂಧದ ಮರ ಕಡಿದರೆ ಕೂಲಿ ಸಿಗುತ್ತಿತ್ತು, ಸರ್ಕಾರದಿಂದ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ಯಾರೂ ಅವನನ್ನು ಬಿಟ್ಟುಕೊಡುತ್ತಿರಲಿಲ್ಲ. ಶ್ರೀನಿವಾಸ್ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರು ಅಂತ ನನಗನ್ನಿಸುತ್ತದೆ. ಬಂದೂಕು ಹಿಡಿದು ಹೆದರಿಸುವುದು ಬಿಟ್ಟು ಆ ಊರಿನಲ್ಲೇ ಹೋಗಿ ಉಳಿದರು. ಕುಡಿಯುವ ನೀರು, ರಸ್ತೆ ಮಾಡಿಸಿದರು. ಕಾಯಿಲೆಯವರಿಗೆ ಔಷಧಿ ಸಿಗುವಂತೆ ಮಾಡಿದರು. ಮಾರಿಯಮ್ಮನ ಗುಡಿಯನ್ನೂ ಕಟ್ಟಿಸಿದರು. ಕಳ್ಳರನ್ನು ಹಿಡಿಯಲು ಬಂದ ಸಾಹೇಬರು ಗುಡಿ ಕಟ್ಟಿಸಿದ್ದು ನೋಡಿ ಜನ ಅವರನ್ನು ನಂಬಿದರು. ವೀರಪ್ಪನ್ ಕಡೆಯ ಕೆಲವರು ಬಂದು ಶರಣಾದರು.

ಆಮೇಲೆ ವೀರಪ್ಪನೇ ಶರಣಾಗುತ್ತಾನೆಂದು ಅವನ ತಮ್ಮ ಅರ್ಜುನನ್ ಮೂಲಕ ಸುದ್ದಿ ಬಂತು. ಆಯುಧವಿಲ್ಲದೆ ಬರಬೇಕು ಅನ್ನೋದು ಷರತ್ತು. 1991ರ ನವೆಂಬರ್ 10ರಂದು ಶ್ರೀನಿವಾಸ್ ಬರಿಗೈಲಿ ಕಾಡೊಳಗೆ ನಡೆದು ಹೋದರು. ಎರಕೆಯಂ ಹತ್ತಿರ ವೀರಪ್ಪನ್ ಅವರನ್ನು ಗುಂಡಿಟ್ಟು ಕೊಂದು ತಲೆ ಕಡಿದ. ಆ ತಲೆ ಸಿಕ್ಕಿದ್ದು ಸುಮಾರು ಮೂರು ವರ್ಷದ ಮೇಲೆ. ಆಗ ಅವರ ವಯಸ್ಸು ಬರೀ 37.

ಬಂದೂಕಿಲ್ಲದೆ ಹೋಗಿದ್ದು ತಪ್ಪು ಅಂತ ಹೇಳುವವರು ಇದ್ದಾರೆ. ಇರಬಹುದು. ಆದರೆ ಅದುವರೆಗೆ ಶರಣಾದವರೆಲ್ಲ ಅವರ ಮಾತಿನ ಮೇಲೆ ನಂಬಿಕೆಯಿಟ್ಟೇ ಬಂದವರು, ಬಂದೂಕಿಗೆ ಹೆದರಿ ಅಲ್ಲ. ಅದನ್ನೂ ಯೋಚಿಸಬೇಕು.

1992ರಲ್ಲಿ ಭಾರತ ಸರ್ಕಾರ ಅವರಿಗೆ ಕೀರ್ತಿ ಚಕ್ರ ನೀಡಿತು. ವೀರಪ್ಪನ್ ಸತ್ತಿದ್ದು 2004ರ ಅಕ್ಟೋಬರ್ 18ರಂದು, ತಮಿಳುನಾಡು ಪೊಲೀಸರ ಗುಂಡಿಗೆ. ಗೋಪಿನಾಥಂ ಜನ ಶ್ರೀನಿವಾಸ್ ಅವರ ಫೋಟೋವನ್ನು ಮಾರಿಯಮ್ಮನ ಗುಡಿಯಲ್ಲಿಟ್ಟು ಕೈ ಮುಗಿದರು. ಮಾದಪ್ಪನ ಬೆಟ್ಟಕ್ಕೆ ಹೋದವರು ಪಾಲಾರ್ ದಾರಿ ಹಿಡಿದು ಮುಂದೆ ಹೋದರೆ ಆ ಊರು ಸಿಗುತ್ತದೆ.