ನೆರೆಯವರ ಭಾಷೆ ಕಲಿತ ಸಂತ ಜೋಸೆಫ್ ವಾಜ್

ಸಂತ ಜೋಸೆಫ್ ವಾಜ್ 1651ರಲ್ಲಿ ಗೋವೆಯ ಬೆನೌಲಿಮ್‌ನಲ್ಲಿ ಹುಟ್ಟಿದರು. ಗುರುಗಳಾಗಿ ಮಂಗಳೂರು, ಬಸರೂರು, ಗಂಗೊಳ್ಳಿ ಕಡೆ ನಮ್ಮ ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿದರು. ಡಚ್ಚರ ಹಿಡಿತದಲ್ಲಿದ್ದ ಲಂಕೆಯಲ್ಲಿ ಕಥೋಲಿಕರಿಗೆ ಗುರುಗಳೇ ಇಲ್ಲವೆಂದು ತಿಳಿದು, 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಅಲ್ಲಿಗೆ ಹೋದರು. ತಮಿಳು, ಸಿಂಹಳ ಕಲಿತರು. ರಾತ್ರಿ ಹೊತ್ತು ಮನೆಗಳಲ್ಲಿ ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು. ಕ್ಯಾಂಡಿಯ ಅರಸ ಅವರನ್ನು ಗೂಢಚಾರನೆಂದು ಶಂಕಿಸಿ ಸೆರೆಯಲ್ಲಿಟ್ಟ.

1697ರಲ್ಲಿ ಅದೇ ಕ್ಯಾಂಡಿಗೆ ಸಿಡುಬು ಬಂತು. ಜನ ರೋಗಿಗಳನ್ನು ಬಿಟ್ಟು ಓಡಿದರು. ಯೇಸುಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿದಂತೆ ಜೋಸೆಫರು ಆ ರೋಗಿಗಳನ್ನು, ಯಾವ ಮತದವರೆಂದು ನೋಡದೆ, ಮುಟ್ಟಿ ಆರೈಕೆ ಮಾಡಿದರು. ಸತ್ತವರನ್ನು ಮಣ್ಣು ಮಾಡಿದರು. ಊರಿಗೆ ಮರಳದೆ 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ನಾವು ಕನ್ನಡದಲ್ಲಿ ಜಪಮಾಲೆ ಹೇಳುತ್ತೇವೆ, ಬಾಗಿಲಾಚೆ ಮರಾಠಿ ಮಾತಾಡುತ್ತೇವೆ. ನಾವು ಸ್ವಲ್ಪ ಮಂದಿ, ನಮ್ಮಿಂದೇನಾದೀತು ಅನ್ನಿಸುವುದುಂಟು. ಪಕ್ಕದ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರಬಹುದು. ಅವರ ಭಾಷೆಯಲ್ಲೇ ಮಾತಾಡಿಸಿ, ಒಂದು ಬಟ್ಟಲು ಗಂಜಿ ಕೊಟ್ಟು ಬರೋಣ. ಶಿಷ್ಯತ್ವ ಅಲ್ಲಿಂದ ಶುರುವಾಗುತ್ತದೆ.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.