ಲಕ್ಷ್ಮಣರಾವ್ ಕಿರ್ಲೋಸ್ಕರ್: ದುಡಿಮೆ, ಬಂಡವಾಳ ಮತ್ತು ಕಬ್ಬಿಣದ ನೇಗಿಲು

ಪದವಿ ಮುಗಿಯುವ ವೇಳೆಗೆ ನಮ್ಮ ವಿದ್ಯಾರ್ಥಿಗಳ ಮಾತು ಹೈದರಾಬಾದಿನ ಕಡೆ ತಿರುಗುತ್ತದೆ. ಆಗತಾನೆ ಹುಟ್ಟಿದ ಸ್ಟಾರ್ಟಪ್ ಒಂದನ್ನು ಸೇರುವುದು ಲೇಸೋ, ಅಂತಹವುಗಳಿಗೆ ಬಂಡವಾಳ ಹೂಡುವ ಸಂಸ್ಥೆಯನ್ನು ಸೇರುವುದು ಲೇಸೋ ಎಂಬ ಚರ್ಚೆ ಕನ್ನಡ ಐಚ್ಛಿಕದವರಲ್ಲಿಯೂ ನಡೆಯುತ್ತದೆ. ಈ ಎರಡೂ ಪಾತ್ರಗಳು ಸಂಧಿಸಿದ ಬಾಳೊಂದು, ನಾರಾಯಣಪೇಟೆಯಂತೆಯೇ ಕನ್ನಡ, ಮರಾಠಿಗಳೆರಡೂ ಕಿವಿಗೆ ಬೀಳುವ ಬೆಳಗಾವಿ ಸೀಮೆಯಲ್ಲಿ ಆರಂಭವಾಯಿತು.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು. ಚಿತ್ರಕಲೆಯ ಒಲವಿನಿಂದ ಲಕ್ಷ್ಮಣರಾಯರು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕೆಲವು ಬಣ್ಣಗಳನ್ನು ಗುರುತಿಸಲಾರದ ದೃಷ್ಟಿದೋಷ ಅವರನ್ನು ಕುಂಚದಿಂದ ಬಿಡಿಸಿ ಯಂತ್ರಗಳ ರೇಖಾಚಿತ್ರದತ್ತ ಎಳೆಯಿತು. ಮುಂದೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಅದನ್ನೇ ಬೋಧಿಸಿದರು. ಸಲ್ಲಬೇಕಾದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರಿಗೆ ಹೋದಾಗ ರಾಜೀನಾಮೆಯಿತ್ತು ಬೆಳಗಾವಿಗೆ ಮರಳಿದರು. ತಿಂಗಳ ಸಂಬಳವನ್ನೇ ನೆಚ್ಚಿ ಬಾಳಿದ ನನ್ನಂತಹ ಅಧ್ಯಾಪಕನಿಗೆ ಈ ಭಾಗ ಪ್ರತಿ ಸಲವೂ ಅಳುಕು ಹುಟ್ಟಿಸುತ್ತದೆ.

ಬೆಳಗಾವಿಯಲ್ಲಿ ಅಣ್ಣ ರಾಮೂಅಣ್ಣನೊಡನೆ 1888ರಲ್ಲಿ ತೆರೆದ ಸೈಕಲ್ ಅಂಗಡಿಯಿತ್ತು. ಅದರಿಂದ ಅವರು ಮೇವು ಕತ್ತರಿಸುವ ಯಂತ್ರಕ್ಕೂ, ಅನಂತರ ಕಬ್ಬಿಣದ ನೇಗಿಲಿಗೂ ಸಾಗಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅಂಜಿದರು. ಮೊದಲ ನೇಗಿಲುಗಳ ಮಾರಾಟಕ್ಕೆ ಎರಡು ವರ್ಷ ಹಿಡಿಯಿತು. ಆ ಹಿಂಜರಿಕೆಯನ್ನು ಮೂಢತನವೆಂದಷ್ಟೇ ತಳ್ಳಿಹಾಕಲಾಗದು. ಒಂದು ಬೆಳೆ ಕೈಕೊಟ್ಟರೆ ವರ್ಷವೇ ಕೈತಪ್ಪುವ ಕಷ್ಟ ಮಕ್ತಲ್, ಗದ್ವಾಲ್ ಕಡೆಯ ಒಕ್ಕಲು ಮಕ್ಕಳಿಗೆ ತಿಳಿಯದ್ದಲ್ಲ.

ನೇಗಿಲು ಬೇರೂರುತ್ತಿದ್ದಾಗಲೇ ಊರಿನ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಯಿತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಗಳು. ಸ್ವತಃ ಕಲಾವಿದರಾದ ಅವರು ಔಂಧದಲ್ಲಿ ಲಕ್ಷ್ಮಣರಾಯರಿಗೆ ಕಟ್ಟಡದ ಕೆಲಸ ಕೊಟ್ಟು, ಅವರ ಕೈಯ ಗುಣವನ್ನು ಕಣ್ಣಾರೆ ಕಂಡಿದ್ದರು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ ಬಡ್ಡಿಯಿಲ್ಲದ 10,000 ರೂಪಾಯಿ ಸಾಲವನ್ನೂ ನೀಡಿದರು. ಲೆಕ್ಕಪತ್ರಕ್ಕಿಂತ ಮನುಷ್ಯನನ್ನು ಓದಿ ಹೂಡಿದ ಬಂಡವಾಳವದು.

ಅರಸರ ಉಪಕಾರ ದೊಡ್ಡದೇ. ಆದರೂ ನಷ್ಟವಾದರೆ ಅವರು ಕಳೆದುಕೊಳ್ಳುವುದು ಸಂಸ್ಥಾನದ ಒಂದು ಬಾಬತ್ತನ್ನು. ಲಕ್ಷ್ಮಣರಾಯರನ್ನು ನಂಬಿ 1910ರಲ್ಲಿ ಪಾಪಾಸುಕಳ್ಳಿ, ನಾಗರಹಾವುಗಳ ಆ ಬೀಳುಭೂಮಿಗೆ ಹೆಂಡಿರು ಮಕ್ಕಳೊಡನೆ ಬಂದ ಇಪ್ಪತ್ತೈದು ಕೆಲಸಗಾರರಾದರೋ ಬದುಕನ್ನೇ ಪಣಕ್ಕಿಟ್ಟಿದ್ದರು. ಬಂದವರಲ್ಲಿ ಶಂಭುರಾವ್ ಜಾಂಭೇಕರ್ ಯಂತ್ರಗಳನ್ನು ನೋಡಿಕೊಂಡರು, ಮಂಗೇಶರಾವ್ ರೇಗೆ ಲೆಕ್ಕ ಹಿಡಿದರು. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ಅನಂತರಾವ್ ಫಳನೀಕರ್ ಅಲ್ಲಿ ಕಲ್ಪನಾಶೀಲ ಎಂಜಿನಿಯರಾಗಿ ಬೆಳೆದರು. ಅದೇನೂ ಅವರು ಓದಿ ಪಡೆದ ಪದವಿಯಲ್ಲ. ನೆಲೆ ನಿಲ್ಲದ ಉದ್ಯಮದಲ್ಲಿ ಯಾರು ಯಾವ ಕೆಲಸಕ್ಕೂ ಕೈಹಾಕಬೇಕಾಗುತ್ತದೆ, ಕೈಹಾಕಿದವನು ಕಲಿಯುತ್ತಾನೆ. ಡಕಾಯಿತಿಗಾಗಿ ಶಿಕ್ಷೆಗೊಳಗಾಗಿದ್ದವರನ್ನು ಲಕ್ಷ್ಮಣರಾಯರು ರಾತ್ರಿ ಕಾವಲಿಗೆ ನೇಮಿಸಿಕೊಂಡರು. ಅರಸರು ತಮ್ಮ ಮೇಲಿಟ್ಟ ನಂಬಿಕೆಯನ್ನು ಅವರು ಹೀಗೆ ಕೆಳಗಿನವರೆಗೂ ಹಂಚಿದರೆಂದು ನನಗನ್ನಿಸುತ್ತದೆ.

ಮೊದಲ ಮಹಾಯುದ್ಧದಲ್ಲಿ ವಿದೇಶಿ ನೇಗಿಲುಗಳ ಆಮದು ನಿಂತಾಗ ಕಿರ್ಲೋಸ್ಕರವಾಡಿಯ ನೇಗಿಲಿಗೆ ಬೇಡಿಕೆ ಏರಿತು. ಕಬ್ಬಿಣ, ಕಲ್ಲಿದ್ದಲುಗಳ ಅಭಾವವೂ ಜೊತೆಗೇ ಬಂದಿತು. ಕಲ್ಲಿದ್ದಲಿಗೆ ಬದಲು ಕಟ್ಟಿಗೆಯ ಇದ್ದಿಲನ್ನು ಉರಿಸಿ ಕೆಲಸ ಸಾಗಿಸಿದರು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ಅದೇ ವರ್ಷ ಕಾರ್ಖಾನೆಯ ವರ್ತಮಾನಪತ್ರವಾಗಿ ಹೊರಟ ‘ಕಿರ್ಲೋಸ್ಕರ್ ಖಬರ್’, ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಮರಾಠಿಯ ಹೆಸರಾಂತ ಸಾಹಿತ್ಯ ಮಾಸಿಕವಾಗಿ ಬೆಳೆಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ, ಬೆಳಗಾವಿಯಿಂದ ತೆರಳಿದ್ದ ಉದ್ಯಮ ಕನ್ನಡನಾಡಿಗೆ ಮರಳಿತು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು.